ಚಿಕ್ಕಪ್ಪನ ಹೊಗೆಕೊಳವೆ

ನಮ್ಮ ಚಿಕ್ಕಪ್ಪನಿಗೆ ಇಡೀ ವಯನಾಡಿನಲ್ಲಿ ನಂಬಿಕೆ ಇದ್ದದ್ದು ಎರಡರ ಮೇಲೆ ಮಾತ್ರ: ಒಂದು ಬಸದಿಯ ತೀರ್ಥಂಕರರು, ಇನ್ನೊಂದು ತಮ್ಮ ಹದಿನೆಂಟನೇ ನಂಬರಿನ ಸ್ಪ್ಯಾನರು. ಉಳಿದವರೆಲ್ಲರ ಮೇಲೂ ಅನುಮಾನ! ಬೆಂಕಿಪೊಟ್ಟಣ ಕೊಂಡರೆ ಒಂದು ಕಡ್ಡಿ ಗೀರಿ ನೋಡದೆ ಅಂಗಡಿಯ ಮೆಟ್ಟಿಲು ಇಳಿಯುತ್ತಿರಲಿಲ್ಲ. ಅಂಚೆಯವನು ಕಾಗದ ತಂದುಕೊಟ್ಟರೆ ಅಂಟಿಸಿದ ಜಾಗವನ್ನು ಬಿಸಿಲಿಗೆ ಹಿಡಿದು, ಯಾರಾದರೂ ಬಿಚ್ಚಿ ಓದಿದ್ದಾರೆಯೇ ಎಂದು ಪರೀಕ್ಷಿಸುತ್ತಿದ್ದರು. ಆ ಕಾಗದದಲ್ಲಿ ಇರುತ್ತಿದ್ದದ್ದು ನಮ್ಮಪ್ಪನ ನೆಗಡಿಯ ಸುದ್ದಿ. ಅದನ್ನು ಕದ್ದು ಓದಿ ಯಾರಿಗೆ ಏನಾಗಬೇಕು ಹೇಳಿ?

ನನಗೆ ಮುತ್ತಂಗದ ಕಡೆ ಟೀಚರ್ ಕೆಲಸ ಸಿಕ್ಕಿ, ನೂಲ್ಪುಳದಲ್ಲಿದ್ದ ಅವರ ಮನೆಯಲ್ಲೇ ಉಳಿದುಕೊಂಡಿದ್ದೆ. ನಾವು ಜೈನರು, ಹೊತ್ತು ಮುಳುಗಿದ ಮೇಲೆ ಒಂದಗುಳೂ ಬಾಯಿಗೆ ಹಾಕುವವರಲ್ಲ. ಹೀಗಿದ್ದೂ ಚಿಕ್ಕಪ್ಪ ಕತ್ತಲಾಗಿ ಬಂದ ದಿನ ಕಾಲು ತೊಳೆದವರೇ ನೇರ ಅಡುಗೆಮನೆಗೆ ಹೋಗಿ, ಅನ್ನದ ಪಾತ್ರೆಯ ಮುಚ್ಚಳ ತೆಗೆದು ಬಗ್ಗಿ ನೋಡುತ್ತಿದ್ದರು. ರಾತ್ರಿ ಉಣ್ಣದವರಿಗೆ ಅನ್ನದ ಪಾತ್ರೆಯಲ್ಲಿ ಏನು ಕೆಲಸ?

"ಎಂತ ನೋಡ್ತೀರಿ?" ಎಂದು ಚಿಕ್ಕಮ್ಮ ಕೇಳಿದರೆ, "ಹಲ್ಲಿ ಬಿದ್ದುಂಟಾ ಅಂತ" ಎನ್ನುತ್ತಿದ್ದರು.

"ಇಪ್ಪತ್ತು ವರ್ಷದಲ್ಲಿ ಒಂದು ಹಲ್ಲಿ ಬಿದ್ದಿಲ್ಲ. ನನ್ನ ಪಾತ್ರೆ ಮೇಲೂ ಸಂಶಯ ಇವರಿಗೆ!" ಎಂದು ಚಿಕ್ಕಮ್ಮ ನನ್ನ ಕಡೆ ತಿರುಗಿ ದೂರುತ್ತಿದ್ದರು.

ಚಿಕ್ಕಪ್ಪನ ಕಸುಬೆಂದರೆ ಕೆಟ್ಟು ನಿಂತ ಬಸ್ಸು, ಲಾರಿಗಳನ್ನು ಎಳೆದು ತರುವುದು. ಮಿಲಿಟರಿಯವರು ಹರಾಜಿಗೆ ಹಾಕಿದ್ದ ಹಳೆಯ ಲಾರಿಯೊಂದಕ್ಕೆ ಡೀಸೆಲ್ ಎಂಜಿನ್ ಕೂರಿಸಿ, ಹಿಂದೆ ಕೈಯಿಂದ ತಿರುಗಿಸುವ ಕ್ರೇನು, ಸರಪಳಿ ಇಟ್ಟುಕೊಂಡಿದ್ದರು. ಊರವರು ಅದನ್ನು ಬ್ರೇಕ್‌ಡೌನ್ ವಂಡಿ ಎನ್ನುತ್ತಿದ್ದರು. ಬತ್ತೇರಿಯಿಂದ ಗುಂಡ್ಲುಪೇಟೆಯ ತನಕ ಎಲ್ಲಿ ಏನು ಕೆಟ್ಟರೂ ಇವರಿಗೇ ಕರೆ. ಹೋದವರು ಯಾವಾಗ ಬರುತ್ತಾರೆಂದು ಹೇಳುವ ಹಾಗಿರಲಿಲ್ಲ. ಚಿಕ್ಕಮ್ಮನೋ, ಗಂಡ ಉಣ್ಣದೆ ತಾನು ಉಣ್ಣುವವರಲ್ಲ. ರಸ್ತೆಯಲ್ಲಿ ಯಾವ ಲಾರಿ ಸದ್ದಾದರೂ "ಬಂದ್ರು" ಎಂದು ಎದ್ದು ನಿಲ್ಲುವುದು, ಅಷ್ಟರಲ್ಲಿ ಹೊತ್ತು ಮುಳುಗುವುದು, ಆಮೇಲೆ ಇಬ್ಬರೂ ಉಪವಾಸ! ಆ ವರ್ಷ ಚಿಕ್ಕಮ್ಮ ಎರಡು ಸಲ ಒಲೆಯ ಹತ್ತಿರವೇ ತಲೆಸುತ್ತಿ ಬಿದ್ದಿದ್ದರು. ಖಾಲಿ ಹೊಟ್ಟೆಯಲ್ಲಿ ಮಲಗಲೇಬಾರದು ಎಂದು ಬತ್ತೇರಿಯ ಡಾಕ್ಟರು ಗದರಿ ಕಳಿಸಿದ್ದರು.

ಇಂಥದರಲ್ಲಿ ಒಂದು ಬೆಳಿಗ್ಗೆ ವಂಡಿ ಸ್ಟಾರ್ಟ್ ಆಗಲಿಲ್ಲ. ಬಗ್ಗಿ ನೋಡಿದರೆ ಸೈಲೆನ್ಸರಿನ ಬಾಯಿಗೆ ಯಾರೋ ಬಟ್ಟೆ ತುರುಕಿದ್ದಾರೆ! "ನನ್ನ ಹೊಟ್ಟೆಗೆ ಹೊಡೀಲಿಕ್ಕೆ ಹೊರಟವರು ಯಾರು?" ಎಂದು ಚಿಕ್ಕಪ್ಪ ಅಂಗಳದಲ್ಲಿ ಕುಣಿದಾಡಿದರು. ಚಿಕ್ಕಮ್ಮ ಬಂದು ಬಟ್ಟೆಯನ್ನು ಕೊಡವಿ ನೋಡಿ, "ಇದು ನಿಮ್ಮದೇ ತೋರ್ತು. ನಿನ್ನೆ ಒಣಗಲಿ ಅಂತ ನೀವೇ ಸಿಕ್ಕಿಸಿದ್ರಿ" ಎಂದರು. ತೋರ್ತು ಎಂದರೆ ನಮ್ಮ ಕಡೆ ಮೈ ಒರೆಸುವ ತೆಳು ಟವೆಲ್ಲು. ಚಿಕ್ಕಪ್ಪ ಅದನ್ನು ಹೆಗಲ ಮೇಲೆ ಹಾಕಿಕೊಂಡು, "ಇವತ್ತು ನಾನು ತುರುಕಿದೆ. ನಾಳೆ ಬೇರೆಯವರು ತುರುಕುದಿಲ್ಲ ಅಂತ ಏನು ಗ್ಯಾರಂಟಿ?" ಎಂದರು. ಸೈಲೆನ್ಸರನ್ನು ಯಾರ ಕೈಗೂ ಎಟುಕದ ಹಾಗೆ ಆಕಾಶಕ್ಕೆ ಎತ್ತುವುದೆಂದು ಅವತ್ತೇ ತೀರ್ಮಾನವಾಯಿತು.

ಕಾಫಿ ತೋಟದವರು ಎಸೆದಿದ್ದ ನೀರಿನ ಪೈಪೊಂದನ್ನು ತಂದರು. ಎಂಜಿನ್ನಿನ ಹೊಗೆಯನ್ನು ಕ್ಯಾಬಿನ್ನಿನ ಬೆನ್ನಿಗೆ ತಿರುಗಿಸಿ, ಅಲ್ಲಿಂದ ನೆಟ್ಟಗೆ ಮೇಲೇರಿಸುವ ಏರ್ಪಾಟು. ವೆಲ್ಡಿಂಗಿನವನು ಎಲ್ಲಿ ಬೇಕೆಂದೇ ಕಳ್ಳ ಬೆಸುಗೆ ಹಾಕುತ್ತಾನೋ ಎಂದು ಚಿಕ್ಕಪ್ಪ ಪಕ್ಕದಲ್ಲೇ ಕೂತು, ಕಪ್ಪು ಗಾಜಿಲ್ಲದೆ, ಕಣ್ಣು ಮಿಟುಕಿಸದೆ ಕಾವಲು ಕಾದರು. ಎರಡು ದಿನ ಕಣ್ಣು ಬಿಡಲಾಗಲಿಲ್ಲ. "ನಾನು ನೋಡಬಾರದು ಅಂತಲೇ ಅವ ಅಷ್ಟು ಬೆಳಕು ಮಾಡಿದ್ದು!" ಎಂದು ಕಣ್ಣಿಗಿಟ್ಟ ಒದ್ದೆ ಹತ್ತಿಯ ಕೆಳಗಿನಿಂದ ಗುಡುಗಿದರು.

ಮೊದಲು ಪೈಪನ್ನು ಕ್ಯಾಬಿನ್ನಿಗೆ ಬಿಗಿಯಾಗಿ ಕಟ್ಟಿಸಿದ್ದರು. ಎಂಜಿನ್ ನಡುಗಿದರೆ ಪೈಪು, ಪೈಪು ನಡುಗಿದರೆ ಕ್ಯಾಬಿನ್ನು, ಕ್ಯಾಬಿನ್ನು ನಡುಗಿದರೆ ಒಳಗಿದ್ದವರ ಹಲ್ಲು! ಮೂರನೇ ದಿನ ಬೆಸುಗೆ ಬಿಟ್ಟಿತು. ಆಮೇಲೆ ನಡುವೆ ಬಳುಕುವ ತುಂಡೊಂದನ್ನು ಸೇರಿಸಿ, ಕಾವು ತಾಗದ ಹಾಗೆ ಕಲ್ನಾರಿನ ಹಗ್ಗ ಸುತ್ತಿದರು. ಮಳೆಗೆ ಮುಚ್ಚಳ ಬೇಕೆಂಬುದು ಹೊಳೆದದ್ದು ಮೊದಲ ಮಳೆಯ ಮರುದಿನ. ಪೈಪಿನಲ್ಲಿ ನಿಂತಿದ್ದ ಮಸಿನೀರೆಲ್ಲ ಪಕ್ಕದಲ್ಲಿ ನಿಂತಿದ್ದ ತೋಟದ ಧಣಿಯೊಬ್ಬರ ಬಿಳಿ ಪಂಚೆಯ ಮೇಲೆ ಬಿತ್ತು. ಎಣ್ಣೆ ಡಬ್ಬದ ತಗಡು ಬಡಿದು ಮುಚ್ಚಳ ಮಾಡಿ ಕೂರಿಸಿದ್ದು ಆ ಧಣಿಯ ಬೈಗುಳ ಮುಗಿದ ಮೇಲೆ.

ಇಷ್ಟಕ್ಕೇ ನಿಲ್ಲಲಿಲ್ಲ. ಪೈಪಿನೊಳಗೆ ಜೇನೋ ಕಣಜವೋ ಸೇರಿದ್ದರೆ ಬೆಂದು ಸಾಯಬಾರದಲ್ಲ! ಅದಕ್ಕೆ ದಿನಾ ಸ್ಟಾರ್ಟ್ ಮಾಡುವ ಮೊದಲು ಸ್ಪ್ಯಾನರಿನಿಂದ ಪೈಪಿಗೆ ಮೂರು ಸಲ ಬಡಿದು, "ಜೀವ ಇದ್ರೆ ಹೊರಗೆ ಬಾ" ಎಂದು ಕರೆದು, ಸ್ವಲ್ಪ ಹೊತ್ತು ಕಾಯುತ್ತಿದ್ದರು. ಮನುಷ್ಯರನ್ನು ನಂಬದವರು ಕಣಜಗಳಿಗೆ ಮಾತ್ರ ಇಷ್ಟು ಮರ್ಯಾದೆ ಕೊಡುತ್ತಿದ್ದರು.

ಅದು ಎಂಥ ಕಾಲ ಎನ್ನುವುದನ್ನು ಹೇಳಲೇಬೇಕು. ನಕ್ಸಲರ ಗಲಾಟೆ, ಭೂಮಿಗಾಗಿ ಕೂಗು, ಕಾಡಿನೊಳಗೆಲ್ಲ ಪೊಲೀಸ್ ಕ್ಯಾಂಪು. ಕೆಂಪು ಟವೆಲ್ಲು ಹೊದ್ದವನನ್ನೂ ನಿಲ್ಲಿಸಿ ಕೇಳುತ್ತಿದ್ದ ದಿನಗಳವು. ಅಂಥ ಕಾಲದಲ್ಲಿ ಒಬ್ಬ ಮನುಷ್ಯ ಲಾರಿಯ ಬೆನ್ನಿಗೆ ಉದ್ದನೆಯ ಕೊಳವೆ ನೆಟ್ಟು, ಬೆಳಿಗ್ಗೆ ಟಣ್ ಟಣ್ ಟಣ್ ಎಂದು ಬಡಿದು, ಯಾರನ್ನೋ ಹೊರಗೆ ಬಾ ಎಂದು ಕರೆದರೆ ಪೊಲೀಸರು ಸುಮ್ಮನಿರುತ್ತಾರೆಯೇ?

ಒಂದು ದಿನ ಶಾಲೆ ಬಿಟ್ಟು ನಾನೂ ವಂಡಿಯಲ್ಲಿ ಬರುತ್ತಿದ್ದೆ. ಮುತ್ತಂಗದ ಚೆಕ್‌ಪೋಸ್ಟಿನಲ್ಲಿ ತೆಂಕಣ ಕಡೆಯ ಇನ್‌ಸ್ಪೆಕ್ಟರೊಬ್ಬರು ಕೈ ಅಡ್ಡ ಹಿಡಿದರು. ಅವರ ಮಲಯಾಳವನ್ನು ಕನ್ನಡದಲ್ಲೇ ಹೇಳುತ್ತೇನೆ.

"ಏನಿದು? ಫಿರಂಗಿಯಾ?"

"ಹೊಗೆಕೊಳವೆ ಸಾರ್. ಕೆಳಗಿದ್ರೆ ಬಟ್ಟೆ ತುರುಕ್ತಾರೆ."

"ಯಾರು ತುರುಕಿದ್ದು?"

ಚಿಕ್ಕಪ್ಪ ಹೆಗಲ ಮೇಲಿನ ತೋರ್ತು ಮುಟ್ಟಿ ನೋಡಿಕೊಂಡರು. "ಅಲ್ಲ ಸಾರ್, ತೊರೆ ದಾಟುವಾಗ ನೀರು ಹೋಗ್ತದೆ."

"ತೊರೆ ಒಣಗಿ ತಿಂಗಳಾಯ್ತು."

"ಒಣ ಬಿದಿರಿಗೆ ಕಿಡಿ ಹಾರ್ತದೆ ಸಾರ್."

"ಒಂದು ಕೊಳವೆಗೆ ಮೂರು ಕಾರಣ!" ಇನ್‌ಸ್ಪೆಕ್ಟರು ಕಣ್ಣು ಕಿರಿದು ಮಾಡಿದರು. "ಸಂಜೆ ಹೊತ್ತು ಬಿದಿರ ಮೆಳೆಯ ತಿರುವಿನಲ್ಲಿ ವಂಡಿ ನಿಲ್ಲಿಸಿ ಮೂರು ಸಲ ಕಪ್ಪು ಹೊಗೆ ಬಿಡ್ತೀಯಂತೆ. ಯಾರಿಗೆ ಸಿಗ್ನಲ್ಲು?"

ಚಿಕ್ಕಪ್ಪನ ಮುಖ ಕೆಂಪಾಯಿತು. ಸೋಮವಾರದೊಳಗೆ ಕೊಳವೆ ಕತ್ತರಿಸಬೇಕು, ಇಲ್ಲದಿದ್ದರೆ ವಂಡಿಯನ್ನೇ ಸ್ಟೇಷನ್ನಿಗೆ ಎಳೆಸುವುದೆಂದು ಆಜ್ಞೆಯಾಯಿತು. ಆ ವಂಡಿಯನ್ನು ಎಳೆಯಲು ಇನ್ನೊಂದು ವಂಡಿ ಇಡೀ ತಾಲೂಕಿನಲ್ಲಿ ಇರಲಿಲ್ಲ, ಆ ಮಾತು ಬೇರೆ!

ವಂಡಿ ಹೋದರೆ ಮನೆ ನಡೆಯುವುದಿಲ್ಲ. "ಕತ್ತರಿಸಿಬಿಡಿ ಚಿಕ್ಕಪ್ಪ, ಒಂದು ಪೈಪು ತಾನೆ" ಎಂದರೆ "ಆಗುದಿಲ್ಲ" ಎಂಬ ಒಂದೇ ಮಾತು. ಏಕೆ ಆಗುವುದಿಲ್ಲ? ಹೇಳುವುದಿಲ್ಲ! ಅನುಮಾನ ನನಗೂ ಅಂಟಿತು ನೋಡಿ. ಚಿಕ್ಕಪ್ಪ ನಿಜವಾಗಿಯೂ ಆ ಕಡೆ ಸೇರಿಬಿಟ್ಟರೇ? ಅವರಿಲ್ಲದಾಗ ಮಂಚದ ಕೆಳಗೆ ತಡಕಾಡಿದೆ. ಸಿಕ್ಕಿದ್ದು ಉಳಿದ ಕಲ್ನಾರಿನ ಹಗ್ಗ. ಅದಕ್ಕಿಂತ ಹೆದರಿಕೆ ಹುಟ್ಟಿಸಿದ್ದು ಚಿಕ್ಕಮ್ಮ. ದಿನಾ ಸಂಜೆ ಜಗಲಿಯ ತುದಿಯಲ್ಲಿ ಕೂತು, ಗದ್ದೆಯಾಚೆಯ ಆ ತಿರುವನ್ನೇ ನೋಡುತ್ತಿದ್ದರು! ಬಸದಿಗೆ ಹೋಗುವಾಗ ಇರುವೆ ತುಳಿಯದ ಹಾಗೆ ನಡೆಯುವ ಹೆಂಗಸು ನಕ್ಸಲರ ದೂತೆಯೇ? ಎರಡು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಭಾನುವಾರ ಸಂಜೆ ಇನ್‌ಸ್ಪೆಕ್ಟರು ಇಬ್ಬರು ಪೇದೆಗಳ ಜೊತೆ ಮನೆಗೇ ಬಂದುಬಿಟ್ಟರು. ತಿರುವಿನ ಹೊಗೆ ಎಲ್ಲಿಂದ ಕಾಣುತ್ತದೆಂದು ಲೆಕ್ಕ ಹಾಕುತ್ತ ಹಾಕುತ್ತ ನಮ್ಮ ಜಗಲಿಗೆ ಬಂದು ಮುಟ್ಟಿದ್ದರು. ಸೂರ್ಯ ಗುಡ್ಡದಿಂದ ಒಂದು ಗೇಣು ಮೇಲಿದ್ದ. ಅಷ್ಟರಲ್ಲಿ ಬಿದಿರಿನ ಮೇಲೆ ಬುಸ್, ಬುಸ್, ಬುಸ್ ಎಂದು ಮೂರು ಕಪ್ಪು ಉಂಡೆಗಳು ಎದ್ದವು!

"ಕಂಡ್ರಾ!" ಎಂದು ಇನ್‌ಸ್ಪೆಕ್ಟರು ಹಾರಿ ನಿಂತರು.

ಚಿಕ್ಕಮ್ಮನೂ ಎದ್ದರು. ಒಳಗೆ ಹೋಗಿ ಎರಡು ಬಾಳೆಲೆ ಹಾಸಿ ನೀರು ಚಿಮುಕಿಸಿದರು.

"ಏನಮ್ಮಾ ಇದು?" ಬಾಗಿಲಲ್ಲಿ ನಿಂತು ಇನ್‌ಸ್ಪೆಕ್ಟರು ಕೇಳಿದರು.

"ಊಟ" ಎಂದರು ಚಿಕ್ಕಮ್ಮ. "ಹೊತ್ತು ಮುಳುಗಿದ್ರೆ ನಮಗೆ ಊಟ ಇಲ್ಲ ಸಾರ್. ಆ ಕೊಳವೆಯ ಹೊಗೆ ಬಿದಿರಿನ ಮೇಲೆ ಕಂಡ್ರೆ, ಬಂದ್ರು ಅಂತ ಅವರಿಗೆ ಕಾಯ್ತೇನೆ. ಕಾಣದಿದ್ರೆ ಒಬ್ಬಳೇ ಉಣ್ಣಬೇಕು ಅಂತ ಆಣೆ ಹಾಕಿಸಿದ್ದಾರೆ. ಹಸಿದು ಕೂತು ನಾನು ಬಿದ್ರೆ ಅಂತ ಅವರಿಗೆ ಹೆದರಿಕೆ. ನಿಮ್ಮ ಹತ್ರ ಹೇಳಲಿಕ್ಕೆ ನಾಚಿಕೆ."

ಇನ್‌ಸ್ಪೆಕ್ಟರು ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. ಪೇದೆಗಳ ಕಡೆ ತಿರುಗಿ, "ಸಿಗ್ನಲ್ಲು ಅಂತ ನಾನು ಹೇಳಿದ್ದು ಸರಿಯೇ ಆಯ್ತಲ್ಲ!" ಎಂದರು. ಚಿಕ್ಕಮ್ಮ ಇನ್ನೂ ಮೂರು ಎಲೆ ಹಾಸಿದರು. ಚಿಕ್ಕಪ್ಪ ಬಂದವರು ತಮ್ಮ ಅಡುಗೆಮನೆಯಲ್ಲಿ ಪೊಲೀಸರು ಸಾರನ್ನ ಕಲಸುತ್ತಿರುವುದನ್ನು ನೋಡಿ ಹೌಹಾರಿ, "ಬಟ್ಟೆ ತುರುಕ್ತಾರೆ ಸಾರ್, ಅದಕ್ಕೇ!" ಎಂದರು. "ಗೊತ್ತಾಯ್ತು, ಗೊತ್ತಾಯ್ತು. ಕತ್ತರಿಸಬೇಡ" ಎಂದರು ಇನ್‌ಸ್ಪೆಕ್ಟರು, ತಲೆ ಎತ್ತದೆ.

ಕೆಲವು ದಿನಗಳ ಮೇಲೆ ಮುತ್ತಂಗದ ಆಚೆ ಬಸ್ಸೊಂದು ಹಳ್ಳಕ್ಕೆ ಇಳಿದು, ಚಿಕ್ಕಪ್ಪ ಬೆಳಿಗ್ಗೆಯೇ ಹೋಗಿದ್ದರು. ಸಂಜೆ ಬಿದಿರಿನ ಮೇಲೆ ಹೊಗೆ ಕಾಣಲಿಲ್ಲ. ಸೂರ್ಯನ ಅಂಚು ಉಳಿದಿರುವ ತನಕ ಚಿಕ್ಕಮ್ಮ ಜಗಲಿಯಲ್ಲಿ ಕೂತಿದ್ದರು. ಆಮೇಲೆ ಒಳಗೆ ಬಂದು, ಕಣ್ಣೊರೆಸಿಕೊಳ್ಳುತ್ತಾ, ನನ್ನ ಜೊತೆ ಉಂಡರು.

ದೀಪ ಹಚ್ಚಿದ ಸ್ವಲ್ಪ ಹೊತ್ತಿಗೇ ವಂಡಿ ಅಂಗಳಕ್ಕೆ ಬಂತು. ಬೆಳಗ್ಗಿನಿಂದ ಏನೂ ತಿಂದಿಲ್ಲವೆಂದು ಚಿಕ್ಕಪ್ಪನ ಮುಖವೇ ಹೇಳುತ್ತಿತ್ತು. ಇನ್ನು ನಾಳೆ ಬೆಳಗಾಗುವ ತನಕ ತಿನ್ನುವ ಹಾಗೂ ಇಲ್ಲ. ಕಾಲು ತೊಳೆದರು. ಎಂದಿನಂತೆ ಅಡುಗೆಮನೆಗೆ ಹೋಗಿ ಅನ್ನದ ಪಾತ್ರೆಯ ಮುಚ್ಚಳ ತೆಗೆದು, ದೀಪ ಹತ್ತಿರ ಹಿಡಿದು ಬಗ್ಗಿ ನೋಡಿದರು. ಬಾಗಿಲಲ್ಲಿ ನಿಂತಿದ್ದ ನನಗೆ ತಮಾಷೆ ಮಾಡಬೇಕೆನ್ನಿಸಿತು.

"ಹಲ್ಲಿ ಬಿದ್ದುಂಟಾ ಚಿಕ್ಕಪ್ಪ?"

ಅವರು ಮುಚ್ಚಳವನ್ನು ಸದ್ದಾಗದ ಹಾಗೆ ಮುಚ್ಚಿದರು.

"ಇಲ್ಲ ಮಗಾ," ಎಂದರು. "ಉಂಡಿದ್ದಾಳೆ."