ಕ್ಯಾಂಪಿಗೆ ಬಂದ ಹೊಸ ಸಾಹೇಬ

ಎಡಗಡೆಯ ಬಾಗಿಲೋ, ಬಲಗಡೆಯದೋ? ಕೇಳಿದರಾಯಿತು. ಆದರೆ ತನ್ನ ಕಾಲೇಜು ಯಾವುದೆಂದೇ ಗೊತ್ತಿಲ್ಲದವನು ಹುಡುಗರಿಗೆ ಇನ್ನೇನು ಕಲಿಸಿಯಾನು ಎಂದು ನಕ್ಕರೆ? ಕೇಳದೆ ನುಗ್ಗಿ, ಅದು ತಪ್ಪು ಬಾಗಿಲಾದರೆ? ಮರಿಲಿಂಗಪ್ಪ ಶಹಾಪುರದ ಹೊರಗಿನ ಹಳೇ ಕ್ಯಾಂಪಿನ ಪಡಸಾಲೆಯಲ್ಲಿ ಚೀಲ ಹಿಡಿದು ನಿಂತೇ ಇದ್ದ.

ಕಾಲುವೆ ತೋಡುವಾಗ ಕಟ್ಟಿದ ಉದ್ದನೆಯ ಕಟ್ಟಡ ಅದು. ಅರ್ಧದಲ್ಲಿ ನೀರಾವರಿ ಆಫೀಸು, ಉಳಿದರ್ಧದಲ್ಲಿ ಹೊಸದಾಗಿ ಶುರುವಾದ ಲಾ ಕಾಲೇಜು. ಎರಡಕ್ಕೂ ಒಂದೇ ಪಡಸಾಲೆ, ಒಂದೇ ಬಣ್ಣದ ಬಾಗಿಲು. ಬಣ್ಣ ಬಳಿಯಲೆಂದು ಬೋರ್ಡುಗಳನ್ನು ಅವತ್ತೇ ಕೆಳಗಿಳಿಸಿದ್ದರು. ಯಾಕೆಂದರೆ ಅವತ್ತೇ ಕಾಲೇಜಿಗೆ ತಪಾಸಣೆಯವರು ಬರುವವರಿದ್ದರು. ಅವರು ಬಂದಾಗ ಹೊಸ ಮಾಸ್ತರ ಕುರ್ಚಿಯಲ್ಲಿ ಇರಬೇಕು. ಇಲ್ಲದಿದ್ದರೆ ಕಾಲೇಜಿಗೆ ಮಂಜೂರಾತಿ ಇಲ್ಲ, ಮರಿಲಿಂಗಪ್ಪನಿಗೆ ಕೆಲಸವೂ ಇಲ್ಲ. ಪ್ರಿನ್ಸಿಪಾಲ ಹಣಮಂತ್ರಾಯರು ಇದನ್ನು ಫೋನಿನಲ್ಲಿ ಹೇಳಿದ್ದರು. ಅವರಿಬ್ಬರೂ ಇನ್ನೂ ಒಬ್ಬರ ಮುಖ ಒಬ್ಬರು ಕಂಡಿರಲಿಲ್ಲ. ಫೋನಿನಲ್ಲೂ ಮರಿಲಿಂಗಪ್ಪ 'ಹೂಂ' ಎಂದದ್ದು ಬಿಟ್ಟರೆ ಬೇರೇನೂ ಆಡಿರಲಿಲ್ಲ. ಅವನಿಗೆ ಮಾತು ಹೊಳೆಯುತ್ತಿದ್ದದ್ದೇ ಮಾತಿನ ಹೊತ್ತು ಮುಗಿದ ಮೇಲೆ.

ಕೊನೆಗೆ, ತೆರೆದಿದೆಯಲ್ಲ ಎಂದು ಬಲಗಡೆಯ ಬಾಗಿಲು ಹೊಕ್ಕ. ಒಳಗೆ ಯಾರೂ ಇಲ್ಲ. ದೊಡ್ಡ ಮೇಜು, ಟವೆಲ್ ಹೊದಿಸಿದ ಕುರ್ಚಿ. ಕೂತ. ಬೆವರು ಒರೆಸಿಕೊಳ್ಳುವಷ್ಟರಲ್ಲಿ ಬಾಗಿಲ ತುಂಬ ಜನ.

"ಸಿಕ್ಕಾನ ಬರ್ರಪಾ, ಹೊಸಾ ಎಂಜಿನಿಯರ್!" ಎಂದು ಕೂಗಿದವನು ದೇವಾಪುರದ ರೈತ ಅಮರಪ್ಪ. ಪಕ್ಕದಲ್ಲಿ ಸೊಂಟಕ್ಕೆ ಸೆರಗು ಬಿಗಿದ ಸುಂದ್ರಮ್ಮ, ಕೈಯಲ್ಲಿ ಕುಡುಗೋಲು. ಹೊಲದಿಂದ ನೆಟ್ಟಗೆ ಬಂದಿದ್ದಳು.

"ಸಾಹೇಬ್ರ, ಕಾಲುವಿ ಕಡೀಕ ನಮ್ಮ ಹೊಲ ಅದಾವ," ಅಂದ ಅಮರಪ್ಪ. "ನೀರು ನಮ್ಮ ತನಕ ಬರೂದ್ರಾಗ ಮ್ಯಾಲಿನೂರವ್ರು ಎಮ್ಮಿ ತೊಳದು, ಟ್ರ್ಯಾಕ್ಟರ್ ತೊಳದು, ಅತ್ತಿ ಸೊಸಿ ಜಗಳಾನೂ ಅದರಾಗ ತೊಳದು ಮುಗಿಸಿರ್ತಾರ. ಏಳ್ರಿ, ಇವತ್ತ ನಮ್ಮ ತೂಬು ತೆಗಸ್ರಿ."

ಮರಿಲಿಂಗಪ್ಪ ಗಂಟಲು ಸರಿಮಾಡಿಕೊಂಡ. "ನಾ ಎಂಜಿನಿಯರ್ ಅಲ್ರೀ."

ಜನ ಹೋ ಎಂದು ನಕ್ಕಿತು. "ಹಂಗಾದ್ರ ಇವನ ಖರೇ ಎಂಜಿನಿಯರ್!" ಅಂದ ಅಮರಪ್ಪ.

ಮುತ್ತಿಗೆ ಬಿದ್ದಾಗ ತಾನು ಎಂಜಿನಿಯರ್ ಎಂದು ಒಪ್ಪಿಕೊಂಡವನು ಆ ಕ್ಯಾಂಪಿನಲ್ಲಿ ಹಿಂದೆಂದೂ ಇರಲಿಲ್ಲ.

"ಹ್ವಾದ ವರ್ಷದಾವ 'ನಾ ಅಡಗಿ ಮಾಡಾವ' ಅಂದ," ಸುಂದ್ರಮ್ಮ ವಿವರಿಸಿದಳು. "ರೊಟ್ಟಿ ಬಡದು ತೋರ್ಸಪಾ ಅಂದ್ರ ಅತ್ತುಬಿಟ್ಟ. ಅವನ ಹಿಂದಿನಾವ 'ಹೆಣ್ಣು ನೋಡಾಕ ಬಂದೇನಿ' ಅಂದ. ನಾವೂ ಬಿಡಲಿಲ್ಲ, ಕರಕೊಂಡು ಹೋಗಿ ಹೆಣ್ಣು ತೋರಿಸಿದಿವಿ. ಈಗ ಎರಡು ಮಕ್ಕಳದಾವ. ನೀವೇನಂತೀರಿ?"

"ನಾ ಕಾನೂನು ಮಾಸ್ತರರೀ."

"ಇದು ಹೊಸಾದೈತಿ ಬಿಡು," ಸುಂದ್ರಮ್ಮ ಮೆಚ್ಚಿ ತಲೆದೂಗಿದಳು.

ಮರುಗಳಿಗೆಯಲ್ಲಿ ಅವನನ್ನು ಕುರ್ಚಿ ಸಮೇತ ಎತ್ತಿ ಟ್ರ್ಯಾಕ್ಟರಿನ ಹಿಂದಿನ ಡಬ್ಬಿಯಲ್ಲಿ ಕೂಡಿಸಿದರು. ಹೊಳೆಗೆ ಬಿಡಲು ಒಯ್ಯುವ ಗಣಪನ ಹಾಗೆ ಮರಿಲಿಂಗಪ್ಪ ಅಲ್ಲಾಡುತ್ತ ಸುರಪುರದ ದಾರಿ ಹಿಡಿದ. ದಾರಿಯಲ್ಲಿ ಯಾರೋ ಕೈ ಮುಗಿದರು. ಇವನೂ ಮುಗಿದ. ತಪಾಸಣೆಯವರು ಈಗ ಎಲ್ಲಿಯವರೆಗೆ ಬಂದಿರಬಹುದು ಎಂಬುದೊಂದೇ ಅವನ ತಲೆಯಲ್ಲಿತ್ತು.

ತೂಬಿನ ಹತ್ತಿರ ಅದನ್ನು ಕಾಯುವ ಮಸ್ತಾನಸಾಬ ಸೊಂಟದಲ್ಲಿ ಕೀಲಿ ಸಿಕ್ಕಿಸಿಕೊಂಡು ಅಡ್ಡ ನಿಂತಿದ್ದ. "ಸಾಹೇಬ್ರ ಹುಕುಂ ಆದ್ರ ತೆಗೀತೀನಿ. ಇಲ್ಲಂದ್ರ ನನ್ನ ದಾಟಿ ಹೋಗ್ರಿ."

ಎಲ್ಲರೂ ಮರಿಲಿಂಗಪ್ಪನ ಬಾಯಿ ನೋಡಿದರು. 'ತೆಗಿ' ಅಂದರೆ ಸರ್ಕಾರಿ ಅಧಿಕಾರಿಯ ವೇಷ ಹಾಕಿದ ಅಪರಾಧ. ಅದಕ್ಕೆ ಎಷ್ಟು ಶಿಕ್ಷೆ ಎಂಬುದೂ ಅವನಿಗೆ ಬಾಯಿಪಾಠ. 'ಬ್ಯಾಡ' ಅಂದರೆ ಸುಂದ್ರಮ್ಮನ ಕುಡುಗೋಲು. ಅವನು ಎರಡನ್ನೂ ಅನ್ನಲಿಲ್ಲ. ಕಾನೂನಿನಲ್ಲಿ ಮೌನ ಸಮ್ಮತಿಯಲ್ಲ. ಮೊದಲ ದಿನದ ಪಾಠಕ್ಕೆಂದು ಅವನು ಓದಿಕೊಂಡು ಬಂದದ್ದೇ ಅದನ್ನು.

ಮಸ್ತಾನಸಾಬ ಆ ಪಾಠಕ್ಕೆ ಕೂತಿರಲಿಲ್ಲ. "ಹಿಂದಿನ ಸಾಹೇಬ್ರೆಲ್ಲಾ ಇಲ್ಲಿ ನಿಂತು ಬ್ಯಾಡೋ ಬ್ಯಾಡೋ ಅಂತ ಒದರ್ತಿದ್ರು. ಇವ್ರು ಬ್ಯಾಡ ಅನ್ನವಲ್ರು. ಅಂದ್ರ ಹುಕುಂ ಆದಂಗ!" ಎಂದು ಕೀಲಿ ತೆಗೆದೇಬಿಟ್ಟ.

ಹಗ್ಗ ಹರಿದುಕೊಂಡ ಹೋರಿಯ ಹಾಗೆ ನೀರು ನುಗ್ಗಿತು. ದೇವಾಪುರದವರು ಬದುವಿನ ಮೇಲೆ ಕುಣಿದರು. ಸಾಹೇಬರಿಗೆ ಹಾಕಲು ಹೂವಿನ ಹಾರ ಸಿಗದೆ, ಸುಂದ್ರಮ್ಮ ಒಣಮೆಣಸಿನಕಾಯಿ ಪೋಣಿಸಿ ಹಾಕಿದಳು. ಅಲ್ಲಿಂದ ಮುಂದೆ ಮರಿಲಿಂಗಪ್ಪ ಬಾಯಿ ತೆರೆದಾಗಲೆಲ್ಲ ಮಾತಿನ ಬದಲು ಸೀನು ಬಂತು. ಹಲಗೆ ಬಡಿಯುತ್ತ, ಅವನನ್ನು ಅದೇ ಕುರ್ಚಿಯಲ್ಲಿ ಕ್ಯಾಂಪಿಗೆ ವಾಪಸು ತಂದರು.

ಟ್ರ್ಯಾಕ್ಟರ್ ನಿಲ್ಲುವ ಮೊದಲೇ ಅವನು ಧುಮುಕಿ ಎಡಗಡೆಯ ಬಾಗಿಲಿಗೆ ಓಡಿದ. ಬಾಗಿಲಲ್ಲಿ ಹಣಮಂತ್ರಾಯರು ಮದುವೆ ಮನೆಯ ಯಜಮಾನರಂತೆ ಅರಳಿ ನಿಂತಿದ್ದರು.

"ಬರ್ರಿ ಬರ್ರಿ ಎಂಜಿನಿಯರ್ ಸಾಹೇಬ್ರ! ತಪಾಸಣಿಯವ್ರು ಒಳಗ ಚಾ ಕುಡ್ಯಾಕತ್ತಾರ. ನಮ್ಮ ಕಾಲೇಜು ಪಾಸಾದಂಗ. ಎಲ್ಲಾ ನಮ್ಮ ಹೊಸಾ ಮಾಸ್ತರ ಪುಣ್ಯಾ. ಬೆಳಿಗ್ಗಿ ಓಡಿ ಬಂದು ನನ್ನ ಖೋಲಿ ಬಾಗಲಾ ಹಾಕ್ಕೊಂಡು ನಿಂತ್ರು. 'ನೀವು ಮರಿಲಿಂಗಪ್ಪ ಅಲ್ರಿ?' ಅಂದೆ. ಕಿಟಕ್ಯಾಗಿಂದ ದೇವಾಪುರದ ಮಂದೀನ ಒಂದ್ಸಲ ಹಣಿಕಿ ನೋಡಿ, 'ಹೌದ್ರಿ, ನಾನ ಮರಿಲಿಂಗಪ್ಪ, ಲಗೂನ ಕ್ಲಾಸು ತೋರಿಸ್ರಿ' ಅಂದ್ರು. ಪಾಠದ ಮ್ಯಾಲ ಎಂಥಾ ಉಮೇದಂತೀನಿ!"

ಅವರ ಬೆನ್ನ ಹಿಂದಿನಿಂದ ಸೀಮೆಸುಣ್ಣ ಹಿಡಿದ ಒಬ್ಬ ದಪ್ಪ ಮನುಷ್ಯ ಇಣುಕಿದ. ಅವನ ಪ್ಯಾಂಟಿನ ಕಿಸೆಯಿಂದ ಕಾಲುವೆ ಅಳೆಯುವ ಟೇಪಿನ ತುದಿ ಜೋತುಬಿದ್ದಿತ್ತು. ಮೆಣಸಿನಕಾಯಿ ಹಾರ ನೋಡಿ ಅವನಿಗೆ ಎಲ್ಲವೂ ತಿಳಿಯಿತು. ಪ್ರಿನ್ಸಿಪಾಲರಿಗೆ ಕಾಣದ ಹಾಗೆ ಎರಡೂ ಕೈ ಜೋಡಿಸಿ, ಅಣ್ಣಾ, ಉಳಿಸು ಎಂಬಂತೆ ಮರಿಲಿಂಗಪ್ಪನನ್ನು ನೋಡಿದ.

ಅಷ್ಟರಲ್ಲಿ ಬಡಿಗೆ ತುಂಬಿಕೊಂಡ ಇನ್ನೆರಡು ಟ್ರ್ಯಾಕ್ಟರ್ ಬಂದು ನಿಂತವು. ಮೇಲಿನೂರವರು.

"ನಮ್ಮ ಪಾಳಿ ನೀರು ಕೆಳಗ ಬಿಟ್ಟ ಎಂಜಿನಿಯರ್ ಯಾವನಲೇ?"

"ಇವರ ನೋಡ್ರಿ," ಎಂದ ದಪ್ಪ ಮನುಷ್ಯ, ಸೀಮೆಸುಣ್ಣದಿಂದ ಮರಿಲಿಂಗಪ್ಪನ ಕಡೆ ತೋರಿಸುತ್ತ. "ನಾ ಕಾನೂನು ಮಾಸ್ತರರೀ."

"ಇವ್ರ ನಮ್ಮ ಸಾಹೇಬ್ರು!" ಸುಂದ್ರಮ್ಮ ಎದೆಯುಬ್ಬಿಸಿ ಮುಂದೆ ಬಂದಳು. "ಬೆಳಿಗ್ಗಿ ಅಲ್ಲ ಅಂದಿದ್ರು. ಈಗ ನೋಡ್ರಿ ಧೈರ್ಯಾ, ಅಲ್ಲ ಅನ್ನವಲ್ರು!"

ಮೇಲಿನೂರ ಹಿರಿಯ ಬಡಿಗೆ ನೆಲಕ್ಕೆ ಕುಟ್ಟಿದ. "ಏನಪಾ ನಿನ್ನ ಹೆಸರು?"

ಗದ್ದಲ ಕೇಳಿ ತಪಾಸಣೆಯವರು ಚಹದ ಕಪ್ಪು ಹಿಡಿದುಕೊಂಡೇ ಕಿಟಕಿಗೆ ಬಂದಿದ್ದರು. ಇಲ್ಲಿ ಇಬ್ಬರು ಮರಿಲಿಂಗಪ್ಪಂದಿರಾದರೆ ಕಾಲೇಜಿಗೆ ಸಂಜೆಯೊಳಗೆ ಬೀಗ. ಕಾಲೇಜಿಗೆ ಬೀಗ ಬಿದ್ದರೆ, ಯಾವ ಕೆಲಸಕ್ಕಾಗಿ ಹೆಸರು ಹೇಳಬೇಕೋ ಆ ಕೆಲಸವೇ ಇಲ್ಲ.

ಹಣಮಂತ್ರಾಯರು ಅವನನ್ನು ನೋಡಿದರು. ದಪ್ಪ ಮನುಷ್ಯ ನೋಡಿದ. ಬಡಿಗೆಗಳು ಒಂದು ಹೆಜ್ಜೆ ಹತ್ತಿರ ಬಂದವು.

ಮರಿಲಿಂಗಪ್ಪ ಬಾಯಿ ತೆರೆದು, ಜೋರಾಗಿ ಒಂದು ಸೀನು ಸೀನಿದ. ತನ್ನ ಹೆಸರು ಮಾತ್ರ ಹೇಳಲಿಲ್ಲ.