ಇಡ್ವಾಲ್ ಎಳೆದ ನೇರ ಗೆರೆ

ಕೂಮ್ ಹೆಲಿಗ್ ಎಂಬ ಊರಿನ ಫುಟ್‌ಬಾಲ್ ಮೈದಾನಕ್ಕೆ ಸುಣ್ಣದ ಗೆರೆ ಎಳೆಯುವ ಇಡ್ವಾಲ್‌ಗೆ ಇದ್ದದ್ದು ಒಂದೇ ದೋಷ: ಗೆರೆ ಎಳೆಯುವಾಗ ಕನಸು ಕಾಣುತ್ತಿದ್ದ. ಶನಿವಾರ ಬೆಳಿಗ್ಗೆ, ಹೊಳೆಯ ಮಂಜು ಇನ್ನೂ ಹುಲ್ಲಿನ ಮೇಲೆ ಮಲಗಿರುವಾಗ ಸುಣ್ಣದ ಗಾಡಿ ತಳ್ಳಿಕೊಂಡು ಹೊರಟನೆಂದರೆ ಮುಗಿಯಿತು. ಮನಸ್ಸು ಹೋದ ಕಡೆ ಗಾಡಿ ಹೋಗುತ್ತಿತ್ತು. ಗೋಲಿನ ಹಿಂದಿನ ಮುಳ್ಳುಪೊದೆಯಲ್ಲಿ ಕರಿಹಕ್ಕಿ ಕೂಗಿದರೆ ಗೋಲಿನ ಮುಂದಿನ ಗೆರೆಯಲ್ಲೊಂದು ಕೊಂಕು. ಇನ್ನು ಟೀ ಗೂಡಿನ ಎದುರು ಬಂದಾಗಲಂತೂ ಮೈದಾನದ ಅಂಚಿನ ಗೆರೆ ಎರಡು ಮಾರು ಹೊರಗೆ ಬಾಗಿ, ಗೂಡಿನ ಕಿಟಕಿಯನ್ನು ವಿಚಾರಿಸಿಕೊಂಡು ಹಿಂತಿರುಗುತ್ತಿತ್ತು.

ಆ ಕಿಟಕಿಯಲ್ಲಿ ಮೆನ್ನ ಕಾವಲಿಯ ಮೇಲೆ ದ್ರಾಕ್ಷಿ ಕೇಕು ಸುಡುತ್ತಿದ್ದಳು. ಎಂಟು ವರ್ಷದಲ್ಲಿ ಇಡ್ವಾಲ್ ಅವಳಿಗೆ ಹೇಳಿದ ಮಾತೆಂದರೆ "ಸಕ್ಕರೆ ಎರಡು ಚಮಚ". ಉಳಿದದ್ದನ್ನೆಲ್ಲ ಸುಣ್ಣದಲ್ಲೇ ಹೇಳುತ್ತಿದ್ದ. ಊರಿನ ಕಲ್ಲಿದ್ದಲು ಗಣಿ ಮುಚ್ಚಿದ ಮೇಲೆ ಅವನ ಪಾಲಿಗೆ ಉಳಿದದ್ದು ಆ ಗಾಡಿ, ಆ ಶನಿವಾರ, ಆ ಕಿಟಕಿ, ಇಷ್ಟೇ.

ಋತುವಿನ ಕೊನೆಯ ಪಂದ್ಯದ ಬೆಳಿಗ್ಗೆ ಕ್ಲಬ್ಬಿನ ಅಧ್ಯಕ್ಷೆ ಮಿಸೆಸ್ ಪ್ಯೂ ಒಂದು ಕಾಗದ ಬೀಸುತ್ತ ಬಂದರು. ಆ ಋತುವಿನಲ್ಲಿ ನಮ್ಮವರು ಹದಿನೇಳು ಪಂದ್ಯ ಸೋತಿದ್ದರು. ಇವತ್ತು ಸಮ ಮಾಡಿಕೊಂಡರೂ ಲೀಗ್‌ನಲ್ಲಿ ಉಳಿಯುತ್ತಿದ್ದರು, ಸೋತರೆ ಕೆಳಗಿನ ದರ್ಜೆಗೆ.

"ಓದು ಇಡ್ವಾಲ್! ರೆಫರಿ ದೂರು ಕೊಟ್ಟಿದಾನೆ. ಗೆರೆಗಳು ಕುಡುಕ ಮನೆಗೆ ಹೋದ ದಾರಿ ಥರ ಇವೆಯಂತೆ!"

"ನಾನು ಕುಡಿಯೋದೇ ಇಲ್ವಲ್ಲ, ಮಿಸೆಸ್ ಪ್ಯೂ."

"ಕುಡೀದೇ ಹಿಂಗೆ! ಕೇಳಿಸ್ಕೋ, ಇವತ್ತು ಒಂದೇ ಒಂದು ಗೆರೆ ಸೊಟ್ಟಗಾದ್ರೂ ಗಾಡಿ ನಮ್ಮ ಡೆನ್ಜಿಲ್‌ಗೆ."

ಡೆನ್ಜಿಲ್ ಅವರ ಅಣ್ಣನ ಮಗ. ನಲವತ್ತಾದರೂ ಮದುವೆಯಾಗಿರಲಿಲ್ಲ. ಕೇಳದವರಿಗೂ ಸಲಹೆ ಕೊಡುವುದು ಅವನ ಉದ್ಯೋಗ. ಆಗಲೇ ದಾರ, ಗೂಟ ಹಿಡಿದುಕೊಂಡು ಹಲ್ಲು ಕಿರಿಯುತ್ತ ನಿಂತಿದ್ದ.

"ದಾರ ಕಟ್ಟಿದ್ರೆ ಸಾಲ್ದು ಅತ್ತೆ," ಅಂದ ಡೆನ್ಜಿಲ್. "ಇವನ ಕಣ್ಣು ಕಟ್ಬೇಕು."

ಮಿಸೆಸ್ ಪ್ಯೂ ಯೋಚನೆ ಮಾಡಲಿಲ್ಲ, ಮಾಡಿಯೇಬಿಟ್ಟರು. ಕ್ಲಬ್ಬಿನ ಗೋಡೆಯ ಮೇಲೆ, ಹಿಂದೆ ಗಣಿಯೊಳಗೆ ಕಲ್ಲಿದ್ದಲು ಎಳೆಯುತ್ತಿದ್ದ ಗಿಡ್ಡ ಕುದುರೆಯ ಕಣ್ಕಾಪು ನೇತುಹಾಕಿದ್ದರು. ಅದನ್ನು ಇಳಿಸಿ, ಧೂಳು ಊದಿ, ಇಡ್ವಾಲ್‌ನ ತಲೆಗೆ ಬಿಗಿದರು.

"ಅಯ್ಯೋ, ಜನ ನೋಡಿದ್ರೆ?"

"ಜನ ನೋಡ್ಲಿ. ನೀನು ನೋಡ್ಬೇಡ. ನಡಿ!"

ಇಡ್ವಾಲ್ ನಡೆದ. ಎಡಕ್ಕೆ ಚರ್ಮ, ಬಲಕ್ಕೆ ಚರ್ಮ, ನಡುವೆ ಮಂಜು, ಮಂಜಿನಲ್ಲಿ ಒಂದೆಳೆ ದಾರ. ಅವನಿಗೆ ತಾನು ಹಳೆಯ ಸುರಂಗದೊಳಗೆ ತೇಲುತ್ತಿರುವಂತೆ ಅನ್ನಿಸಿತು. ಎಲ್ಲೋ ದೂರದಲ್ಲಿ ಕರಿಹಕ್ಕಿ ಕೂಗಿತು, ಅವನು ತಿರುಗಲಿಲ್ಲ. ಬೇಲಿಯಾಚೆ ಯಾರೋ ಕುದುರೆಯಂತೆ ಕೆನೆದರು, ಆಗಲೂ ತಿರುಗಲಿಲ್ಲ. ಸುಟ್ಟ ದ್ರಾಕ್ಷಿಯ ಘಮ ಬಂತು. ಕಾಲು ತಾನಾಗಿಯೇ ವಾಲಿತು. ಹಲ್ಲು ಕಚ್ಚಿ ಅದನ್ನು ಎಳೆದುಕೊಂಡ.

"ಇಡ್ವಾಲ್! ಟೀ ಆರ್ತಾ ಇದೆ!" ಮೆನ್ನಳ ದನಿ. ಎಂಟು ವರ್ಷದಲ್ಲಿ ಅವಳಾಗಿ ಕರೆದದ್ದು ಅದೇ ಮೊದಲು.

"ಈಗ ಮಾತಾಡಿಸ್ಬೇಡ! ನೇರ ಹೋಗ್ತಿದೀನಿ!"

ಆ ಬೆಳಿಗ್ಗೆ ಮೆನ್ನ ಹೊಸ ಹಸಿರು ಟೋಪಿ ಹಾಕಿದ್ದಳು. ಅದು ಇಡ್ವಾಲ್‌ಗೆ ಕಾಣಲಿಲ್ಲ. ಕಣ್ಕಾಪು ಇಲ್ಲದ ಡೆನ್ಜಿಲ್‌ಗೆ ಕಂಡಿತು.

"ಟೋಪಿ ಚೆನ್ನಾಗೊಪ್ಪುತ್ತೆ, ಮೆನ್ನ. ಆ ಟೀ ಇತ್ತ ಕೊಡು, ದಂಡ ಆಗೋದು ಬೇಡ."

ಹತ್ತು ಗಂಟೆಗೆ ಮಂಜು ಕರಗಿದಾಗ ಊರವರು ಬಾಯಿ ಬಿಟ್ಟರು. ಗೆರೆಗಳು ಒಳ್ಳೆ ಸ್ಕೇಲು ಇಟ್ಟು ಎಳೆದ ಹಾಗಿದ್ದವು. ರೆಫರಿ ಬಂದು ಇಡ್ವಾಲ್‌ನ ಕೈ ಕುಲುಕಿದ. ಇನ್ನು ಗಾಡಿ ತನ್ನದೇ ಎಂದು ಇಡ್ವಾಲ್‌ಗೆ ಕಣ್ಣಲ್ಲಿ ನೀರು ಬಂತು.

ಪಂದ್ಯ ಶುರುವಾಯಿತು. ನಮ್ಮ ಇಯೋಲೊ ತಲೆ ಎತ್ತದೆ ಅಂಚಿನ ಗೆರೆಗುಂಟ ಓಡುವ ಹುಡುಗ. ಟೀ ಗೂಡಿನ ಬಳಿ ಎಂದಿನಂತೆ ಬಾಗಿದ, ರೆಫರಿಯ ಪೀಪಿ ಕೂಗಿತು, ಚೆಂಡು ಹೊರಗೆ. ಮತ್ತೆ ಓಡಿದ, ಮತ್ತೆ ಬಾಗಿದ, ಮತ್ತೆ ಪೀಪಿ. ಹನ್ನೊಂದು ಸಲ! ಕೊನೆಯ ಸಲ ಚೆಂಡಿನ ಜೊತೆ ಗೂಡಿನ ಕಟ್ಟೆಗೇ ಬಡಿದು ಕೇಕಿನ ತಟ್ಟೆ ಬೀಳಿಸಿದ. ಇನ್ನು ನಾಲ್ಕು ನಿಮಿಷ ಉಳಿದಿತ್ತು, ಇಬ್ಬರಿಗೂ ಗೋಲಿಲ್ಲ. ಎದುರಾಳಿಯೊಬ್ಬ ದೂರದಿಂದ ಚೆಂಡನ್ನು ಮೆಲ್ಲಗೆ ಉರುಳಿಸಿದ. ಚೆಂಡು ಗೋಲಿನ ನಟ್ಟನಡುವೆ ಒಳಹೋಯಿತು. ನಮ್ಮ ಗೋಲ್‌ಕೀಪರ್ ಗೆತಿನ್ ಕಂಬದ ಪಕ್ಕ ಹೊಳೆ ನೋಡುತ್ತ ನಿಂತಿದ್ದ.

ಸೋತೆವು. ಕೆಳಗಿನ ದರ್ಜೆಗೆ ಬಿದ್ದೆವು.

"ಆ ಕೊಂಕು ಎಲ್ರೋ ಹೋಯ್ತು?" ಗೆತಿನ್ ಅಳುವುದೊಂದು ಬಾಕಿ. ಆಟಕ್ಕೆಂದು ಕನ್ನಡಕ ತೆಗೆದರೆ ಅವನಿಗೆ ಗೋಲಿನ ಕಂಬವೂ ಕಾಣುತ್ತಿರಲಿಲ್ಲ. "ಕೊಂಕಿನ ಮೇಲೆ ನಿಂತ್ರೆ ಸರಿಯಾಗಿ ನಡುಮಧ್ಯ! ಎಂಟು ವರ್ಷದಿಂದ ಹಂಗೇ ನಿಂತಿದೀನಿ!"

"ಆ ಬಾಗು ಇದ್ದಿದ್ರೆ ನಾನು ಮೂರು ಗೋಲು ಹೊಡೀತಿದ್ದೆ," ಅಂದ ಇಯೋಲೊ.

ಮಿಸೆಸ್ ಪ್ಯೂ ಇಡ್ವಾಲ್‌ನತ್ತ ತಿರುಗಿದರು. "ನೇರ ಎಳೆಯೋಕೆ ನಿಂಗ್ಯಾರು ಹೇಳಿದ್ದು?"

"ನೀವೇ..."

"ನಾನು ಎಷ್ಟು ವರ್ಷದಿಂದ ಹೇಳ್ತಿದೀನಿ! ಒಂದಿನ ಕೇಳಿದ್ಯಾ? ಇವತ್ತೇ ಕೇಳ್ಬೇಕಿತ್ತಾ?"

ಇಡ್ವಾಲ್ ಇನ್ನೂ ತಲೆಯ ಮೇಲೇ ಇದ್ದ ಕಣ್ಕಾಪನ್ನು ಹಿಂದಕ್ಕೆ ಸರಿಸಿದ.

"ಹೋಗ್ಲಿ," ಅಂದರು ಮಿಸೆಸ್ ಪ್ಯೂ. "ಮೊದಲಿನ ಹಾಗೆ ಒಂದು ಗೆರೆ ಎಳೆದು ತೋರ್ಸು. ಬಾಗಿದ್ರೆ ಗಾಡಿ ನಿಂದೇ. ಇಲ್ದಿದ್ರೆ ಡೆನ್ಜಿಲ್‌ಗೆ."

ಸಂಜೆಯ ಬಿಸಿಲು ಗುಡ್ಡದ ಮೇಲೆ ಜೇನಿನಂತೆ ಇಳಿಯುತ್ತಿತ್ತು. ಇಡ್ವಾಲ್ ಕಣ್ಕಾಪು ಕಿತ್ತು ಹುಲ್ಲಿನ ಮೇಲೆ ಎಸೆದ. ಊರೆಲ್ಲ ನೋಡುತ್ತಿರಲು ಗಾಡಿ ತಳ್ಳಿದ. ಮನಸ್ಸನ್ನು ಅತ್ತಿತ್ತ ಕಳಿಸಲು ಪಾಪ ಎಷ್ಟು ಕಷ್ಟಪಟ್ಟ! ಕರಿಹಕ್ಕಿ ಗೂಡಿಗೆ ಹೋಗಿತ್ತು. ಟೀ ಗೂಡಿನ ಎದುರು ಆಸೆಯಿಂದ ಕತ್ತೆತ್ತಿದ. ಕಿಟಕಿ ಮುಚ್ಚಿತ್ತು. ಹಿಂತಿರುಗಿ ನೋಡಿದರೆ ಗೆರೆ ಬೆಳಗಿನದಕ್ಕಿಂತ ನೇರವಾಗಿತ್ತು.

"ಮುಗೀತು ನಿನ್ ಕಥೆ," ಅಂದರು ಮಿಸೆಸ್ ಪ್ಯೂ. "ಡೆನ್ಜಿಲ್, ನೀನು ಎಳಿ."

ಡೆನ್ಜಿಲ್ ದಾರವಿಲ್ಲದೆ, ಸಿಳ್ಳೆ ಹಾಕುತ್ತ ಹೊರಟ. ನೆಟ್ಟಗೆ ಹೋದ, ಹೋದ, ಟೀ ಗೂಡಿನ ಹತ್ತಿರ ಬಂದ. ಆಗ ಕಿಟಕಿಯ ಬಾಗಿಲು ಕಿರ್ರೆಂದು ತೆರೆಯಿತು. ಹಸಿರು ಟೋಪಿ ಹೊರಬಂತು.

"ಡೆನ್ಜಿಲ್, ಒಂದು ಕಪ್ ಟೀ ಉಳಿದಿದೆ. ಕುಡೀತೀಯಾ?"

ಗಾಡಿ ಸರ್ರನೆ ವಾಲಿತು. ಗೆರೆ ಎರಡು ಮಾರು ಹೊರಗೆ ಬಾಗಿ, ಕಿಟಕಿಯ ತನಕ ಹೋಗಿ, ಅಲ್ಲೇ ನಿಂತಿತು.

"ಅದೇ! ಅದೇ ಬಾಗು!" ಇಯೋಲೊ ಕುಣಿದ. ಊರೆಲ್ಲ ಚಪ್ಪಾಳೆ ತಟ್ಟಿತು.

ಇಡ್ವಾಲ್ ಹುಲ್ಲಿನ ಮೇಲೆ ಬಿದ್ದಿದ್ದ ಕಣ್ಕಾಪನ್ನು ಎತ್ತಿಕೊಂಡು, ಈ ಸಲ ತಾನೇ ಬಿಗಿದುಕೊಂಡು, ಮನೆಯ ಕಡೆ ಹೊರಟ.