ಶಾಲೆಗೆ ತೊಡಿಸಿದ ಟೈಲ್ಸ್ ಅಂಗಿ

ಕಟ್ಟಡ ಕಟ್ಟಿಸುವ ಕೆಲಸದಲ್ಲಿ ಇರುವವನಿಗೆ ನಗುವುದಕ್ಕೆ ಏನಾದರೂ ಸಿಗುತ್ತಲೇ ಇರುತ್ತದೆ. ತೊಂದರೆ ಏನೆಂದರೆ, ಆ ಗಳಿಗೆಯಲ್ಲಿ ಬೆವರು ಇಳಿಯುತ್ತದೆ. ನಗು ಬರುವುದು ಕಟ್ಟಡ ಮುಗಿದ ಮೇಲೆ.

ತೊಂಬತ್ತರ ದಶಕದಲ್ಲಿ ನಾನು ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ ಜೂನಿಯರ್ ಇಂಜಿನಿಯರ್ ಆಗಿದ್ದೆ. ಅಕ್ಕಿಹೆಬ್ಬಾಳಿನ ಕಡೆಯ ಒಂದು ಊರಿಗೆ ಹೊಸ ಪ್ರಾಥಮಿಕ ಶಾಲೆ ಮಂಜೂರಾಗಿತ್ತು. ಅದೇ ಊರಿನಲ್ಲಿ ಹುಟ್ಟಿ, ಮೈಸೂರಿನಲ್ಲಿ ಹೋಟೆಲ್ ಇಟ್ಟು ಮೇಲೆ ಬಂದಿದ್ದ ಒಬ್ಬ ಯಜಮಾನರು ತಾವೂ ಕೈ ಜೋಡಿಸುವುದಾಗಿ ಹೇಳಿದರು. ಅವರದು ಒಂದೇ ಷರತ್ತು: "ಸುಣ್ಣ ಬಳಿದ ಶಾಲೆ ಬೇಡ ಕಣ್ರೀ. ಹೊರಗಿನ ಗೋಡೆಗೆಲ್ಲ ಟೈಲ್ಸ್ ಹಾಕ್ಸಿ. ರೈಲಲ್ಲಿ ಹೋಗೋರು ಎದ್ದು ನಿಂತು ನೋಡ್ಬೇಕು."

ನನಗೂ ಆಗ ಸಣ್ಣ ವಯಸ್ಸು. ಹುಮ್ಮಸ್ಸಿನಲ್ಲಿ ಒಪ್ಪಿಕೊಂಡೆ.

ಮೆದೆ

ಕಟ್ಟಡದ ಮುಂಭಾಗದ ಚಿತ್ರವನ್ನು ಚೆಂದವಾಗಿ ಬರೆದೆ. ಬರಿ ಗೋಡೆ ಬೋಳು ಅನ್ನಿಸಿ, ಅಂದಕ್ಕೆ ಅಂತ ಪಕ್ಕದಲ್ಲಿ ಒಂದು ಮರವನ್ನೂ ಬರೆದೆ. ಊರಿನವರನ್ನು ಸೇರಿಸಿ ತೋರಿಸಿದರೆ, ಶಾಲೆಯ ಪಕ್ಕದ ಜಮೀನಿನ ರೈತ ಎದ್ದು ನಿಂತ.

"ಈ ಮರ ಎಲ್ಲದೆ? ಅದು ನಮ್ಮ ಹುಲ್ಲಿನ ಮೆದೆ ಇರೋ ಜಾಗ. ಇವತ್ತು ಕಾಗ್ದದ ಮೇಲೆ ಮರ ನೆಡ್ತೀರಿ, ನಾಳೆ ಜಾಗ ನಮ್ದು ಅಂತೀರಿ!"

"ಅದು ಸುಮ್ಮನೆ ಅಂದಕ್ಕೆ ಹಾಕಿದ್ದು ಗೌಡ್ರೇ" ಅಂದೆ.

"ನಮ್ಮ ಮೆದೆಗೇನಾಗದೆ? ಅದೂ ಅಂದವಾಗೇ ಅದೆ. ಅದನ್ನೇ ಬರೀರಿ."

ಅವನು ತಕರಾರು ಅರ್ಜಿ ಕೊಟ್ಟರೆ ಕೆಲಸ ಆರು ತಿಂಗಳು ನಿಲ್ಲುತ್ತದೆ. ಅಲ್ಲೇ ಕೂತು ಮರ ಅಳಿಸಿ, ದುಂಡಗೆ ಒಂದು ಮೆದೆ ಬರೆದುಕೊಟ್ಟೆ. ಅವನು ಹತ್ತಿರದಿಂದ ನೋಡಿ, "ನಮ್ದು ಇನ್ನೂ ಒಸಿ ಎತ್ರ" ಅಂದ. ಎತ್ತರಿಸಿದೆ.

ನಕ್ಷೆ ಮೇಲಿನ ಕಚೇರಿಗೆ ಹೋಯಿತು. ಹದಿನೈದು ದಿನಕ್ಕೆ ವಾಪಸ್ ಬಂತು. ಮೆದೆಯ ಸುತ್ತ ಕೆಂಪು ಶಾಯಿಯಲ್ಲಿ ಗೆರೆ ಎಳೆದು ಬರೆದಿದ್ದರು: "ಗುಮ್ಮಟದ ಕಬ್ಬಿಣದ ವಿವರ ಲಗತ್ತಿಸಿಲ್ಲ."

ಒಳಗೇನದೆ?

ಟೈಲ್ಸ್ ಮಾದರಿ ತೋರಿಸಲು ಇನ್ನೊಂದು ಸಲ ಹೋದೆ. ಶಿಕ್ಷಣ ಸಮಿತಿಯ ಅಧ್ಯಕ್ಷರು ಬಿಳಿ ಟೈಲ್ಸನ್ನು ಬೆರಳಲ್ಲಿ ತಟ್ಟಿ, "ಇದು ಬಚ್ಚಲಿಗಾಕೋದಲ್ವಾ?" ಅಂದರು.

"ಈಗ ಹೊರಗೂ ಹಾಕ್ತಾರೆ. ವರ್ಷ ವರ್ಷ ಬಣ್ಣ ಬಳಿಯೋದು ಬೇಕಿಲ್ಲ, ಗೋಡೆ ನೆನೆಯಲ್ಲ. ಕೆಳಗಡೆ ಮೂರು ಅಡಿ ಕಡುನೀಲಿ, ಮೇಲೆಲ್ಲ ಬಿಳಿ" ಎಂದು ಕಾಲು ಗಂಟೆ ಭಾಷಣ ಬಿಗಿದೆ. ಎಲ್ಲರೂ ತಲೆಯಾಡಿಸಿದರು.

ಹೊಸ ಶಾಲೆಗೆ ಬರಲಿದ್ದ ಮುಖ್ಯೋಪಾಧ್ಯಾಯಿನಿ ಮಾತ್ರ ನಕ್ಷೆಯ ಮೇಲೆ ಬಗ್ಗಿದ್ದವರು ತಲೆ ಎತ್ತಲೇ ಇಲ್ಲ. ಕೊನೆಗೆ ಕೇಳಿದರು: "ಕಪ್ಪು ಹಲಗೆ ಎಲ್ಲಿ ಸಾರ್?"

ನಾನೂ ಬಗ್ಗಿ ನೋಡಿದೆ. ಹೊರಗಿನ ಅಂದ ನೋಡುವ ಭರದಲ್ಲಿ ತರಗತಿಯ ಮೂರು ಗೋಡೆಗೂ ಅಗಲವಾದ ಕಿಟಕಿ, ನಾಲ್ಕನೆಯದಕ್ಕೆ ಎರಡು ಬಾಗಿಲು ಇಟ್ಟಿದ್ದೆ. ಹಲಗೆಗೆ ಅಂತ ಒಂದು ಗೇಣು ಗೋಡೆಯೂ ಉಳಿದಿರಲಿಲ್ಲ.

ಅಧ್ಯಕ್ಷರು ನನ್ನ ಸಹಾಯಕ್ಕೆ ಬಂದರು. "ಯೋಚ್ನೆ ಮಾಡ್ಬ್ಯಾಡಿ ಇಂಜಿನೀರಪ್ಪ. ಇಷ್ಟು ಚೆಂದಾಗಿರೋ ಗೋಡೆ ಆಚೆಗಡೆ ಅದೆ. ಮಕ್ಳು ಆಚೆ ಕೂತ್ಕಂಡು ಅದನ್ನ ನೋಡ್ಲಿ. ಮೇಡಮ್ಮೋರು ಒಳಗೆ ಗಾಳಿ ತಕ್ಕಳ್ಲಿ."

ಟಗರು

ಹೇಗೋ ಕಟ್ಟಡ ಎದ್ದಿತು, ಹಲಗೆಯ ಸಮೇತ. ಕೆಳಗಿನ ಕಡುನೀಲಿ ಟೈಲ್ಸ್ ಬಿಸಿಲಿಗೆ ಕನ್ನಡಿಯಂತೆ ಹೊಳೆಯುತ್ತಿತ್ತು. ಮೈಸೂರಿನ ಯಜಮಾನರು ನೋಡಲು ಬರಲು ಮೂರು ದಿನವಿದೆ ಅನ್ನುವಾಗ ಮೇಸ್ತ್ರಿ ಓಡಿಬಂದ. "ಸಾರ್, ಟಗರು ಗುದ್ದಿ ಗುದ್ದಿ ನಾಕು ಟೈಲ್ಸ್ ಒಡೆದಾಕದೆ!"

ಹೋಗಿ ನೋಡಿದೆ. ಊರಿನ ಒಂದು ಟಗರು ಗೋಡೆಯಲ್ಲಿ ಕಾಣುವ ತನ್ನನ್ನೇ ನೋಡಿ ಹಿಂದಕ್ಕೆ ಸರಿಯುವುದು, ಓಡಿಬಂದು ಗುದ್ದುವುದು. ಅದೇ ಬಣ್ಣದ ಟೈಲ್ಸ್ ಇನ್ನು ಆರೇ ಉಳಿದಿದ್ದವು. ಟಗರಿನ ಯಜಮಾನನಿಗೆ, ಅದನ್ನು ಕಟ್ಟಿಹಾಕು ಮಾರಾಯ ಅಂದೆ.

"ನಮ್ದನ್ಯಾಕೆ ಕಟ್ಲಿ? ಮೊದ್ಲು ಕೆಣಕಿದ್ದು ನಿಮ್ ಗೋಡೇಲಿರೋದು!"

ಕೊನೆಗೆ ಮೇಸ್ತ್ರಿ ಒಡೆದದ್ದನ್ನು ಕಿತ್ತು ಹೊಸದು ಕೂರಿಸಿ, ನೀಲಿ ಪಟ್ಟಿಯ ಮೇಲೆಲ್ಲ ಕೆಮ್ಮಣ್ಣು ಮೆತ್ತಿದ. ಮಾರನೆಯ ದಿನ ಟಗರು ಬಂತು. ಗೋಡೆಯ ಉದ್ದಕ್ಕೂ ನಡೆಯಿತು, ಹುಡುಕಿತು, ಸುಮ್ಮನೆ ಹೊರಟುಹೋಯಿತು.

ಅದರ ಯಜಮಾನ ಮೀಸೆ ನೀವಿಕೊಂಡ. "ನೋಡ್ದಾ ಮೇಸ್ತ್ರಿ? ನಮ್ದಕ್ಕೆ ಎದುರ್ಕಂಡು ಅದು ಊರೇ ಬುಟ್ಟೋಗದೆ!"

ಬೆರಳು

ಶಾಲೆ ಶುರುವಾಗಲು ಇನ್ನೂ ವಾರವಿತ್ತು. ಹೆಸರಿನ ಬೋರ್ಡು ಬಂದಿರಲಿಲ್ಲ. ಮುಖ್ಯೋಪಾಧ್ಯಾಯಿನಿ ಒಬ್ಬರೇ ಕೋಣೆಯಲ್ಲಿ ಕೂತು, ಓದು ಬರಹ ಬಾರದ ದೊಡ್ಡವರಿಗೆ ನಡೆಸಬೇಕಿದ್ದ ಅಕ್ಷರ ತರಗತಿಗೆ ಹೆಸರು ಬರೆದುಕೊಳ್ಳುತ್ತಿದ್ದರು. ನಾನು ಬೋರ್ಡಿಗೆ ಅಳತೆ ಹಿಡಿಯುತ್ತಿದ್ದೆ. ಆಗ ಪಕ್ಕದ ಊರಿನಿಂದ ಒಬ್ಬಳು ಅಜ್ಜಿ ಬಂದಳು. ಬಿಳಿ ಟೈಲ್ಸ್ ಕಂಡು ಅವಳು ಇದನ್ನು ಹೊಸ ಆಸ್ಪತ್ರೆ ಅಂದುಕೊಂಡಿದ್ದಾಳೆ ಎಂಬುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಮೇಡಂ ಹೆಸರು ಕೇಳಿದರು, ವಯಸ್ಸು ಕೇಳಿದರು, ಊರು ಕೇಳಿದರು. ಅಜ್ಜಿ ಎಲ್ಲ ಹೇಳಿ ಬಲಗೈ ಮುಂದೆ ಚಾಚಿದಳು. "ಬೆರಳೇ ತಿರುಗಕ್ಕಿಲ್ಲ ಕನವ್ವ."

"ಶುರುವಿನಲ್ಲಿ ಎಲ್ಲರಿಗೂ ಹಾಗೇ ಅಜ್ಜಿ. ತಿದ್ದುತ್ತಾ ತಿದ್ದುತ್ತಾ ಸಲೀಸಾಗುತ್ತೆ" ಎಂದು ಮೇಡಂ ಸ್ಲೇಟು, ಬಳಪ ಕೊಟ್ಟು, ದೊಡ್ಡದಾಗಿ ಅ, ಆ ಬರೆದುಕೊಟ್ಟರು. "ಇದರ ಮೇಲೇ ತಿದ್ದಬೇಕು. ದಿನಕ್ಕೆ ಎರಡು ಸಲ."

ಅಜ್ಜಿ ಭಕ್ತಿಯಿಂದ ಸ್ಲೇಟನ್ನು ಸೆರಗಿನಲ್ಲಿ ಸುತ್ತಿಕೊಂಡಳು. "ಉಂಡ್ಮೇಲೋ, ಉಣ್ಣಕ್ಕೆ ಮುಂಚೇನೋ?"

"ಊಟ ಮಾಡಿಕೊಂಡೇ ನಿಧಾನಕ್ಕೆ ಮಾಡಿ" ಅಂದರು ಮೇಡಂ. ಎಂಥ ಶಿಸ್ತಿನ ಅಜ್ಜಿ ಎಂದು ನನ್ನ ಹತ್ತಿರ ಹೊಗಳಿದರು.

ಬೋರ್ಡು ಹಾಕಿಸುವ ದಿನ ನಾನು ಏಣಿ ಹಿಡಿದು ನಿಂತಿದ್ದೆ. ಅಜ್ಜಿ ಮತ್ತೆ ಬಂದಳು, ಈ ಸಲ ಸ್ವಲ್ಪ ಕುಂಟುತ್ತಾ. ನೇರ ಒಳಗೆ ಹೋಗಿ ಮೇಡಂ ಮೇಜಿನ ಮೇಲೆ ಸ್ಲೇಟು ಇಟ್ಟಳು. ಅ, ಆ ಎರಡೂ ಮುತ್ತಿನಂತೆ ಇದ್ದವು. ಮೇಡಂ ಮುಖ ಅರಳಿತು.

ಅಜ್ಜಿ ಐದೂ ಬೆರಳನ್ನು ಮಡಚಿ, ಬಿಚ್ಚಿ ತೋರಿಸಿದಳು. "ನಿಮ್ ಕೈಗುಣ ದೊಡ್ದು ಕನ ಡಾಕುಟ್ರವ್ವ! ಒಂದು ಸೂಜಿ ಇಲ್ಲ, ಒಂದು ಮಾತ್ರೆ ಇಲ್ಲ, ಬೆರಳು ವಾಸಿ ಆಗೋಯ್ತು."

ಆಮೇಲೆ ಸೀರೆಯನ್ನು ಮಂಡಿಯವರೆಗೆ ಸರಿಸಿ, ಕುರ್ಚಿ ಎಳೆದುಕೊಂಡು ಕೂತಳು.

"ಈಗ ಮಂಡಿ ಇಡ್ಕಂಡದೆ. ಇದಕ್ಕೆ ಯಾವ ಅಕ್ಸರ ಕೊಡ್ತೀರಿ?"